ಮಾತ್ರೆಗೆ ಡೋಸ್ ಬರೀತೀರಿ, ಶಾಖಕ್ಕೆ ಯಾಕೆ ಬರಿಯಲ್ಲ?

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರಿನ ಆರೋಗ್ಯದ ಪುಟ ನಾನು ತಪ್ಪದೆ ಓದ್ತೀನಿ, ಅದರಲ್ಲಿ ಮಂಡಿ ನೋವು ಅಂತ ಬಂದ್ರೂ ಕುತ್ತಿಗೆ ನೋವು ಅಂತ ಬಂದ್ರೂ ಕೊನೇಲಿ ಒಂದು ಲೈನ್ ಇದ್ದೇ ಇರುತ್ತೆ, "ಬಿಸಿನೀರಿನ ಶಾಖ ಕೊಟ್ಟರೆ ನೋವು ಶಮನವಾಗುತ್ತದೆ" ಅಂತ. ಅಷ್ಟೇ. ಎಷ್ಟು ಬಿಸಿ, ಎಷ್ಟು ಹೊತ್ತು, ದಿನಕ್ಕೆ ಎಷ್ಟು ಸಲ, ಯಾರಿಗೆ ಕೊಡಬಾರದು, ಒಂದೂ ಇರಲ್ಲ. ಅದೇ ಪುಟದಲ್ಲಿ ಪ್ಯಾರಾಸಿಟಮಾಲ್ ಬಗ್ಗೆ ಬರೆದ್ರೆ ಎಷ್ಟು ಮಿಲಿಗ್ರಾಂ, ಎಷ್ಟು ಗಂಟೆಗೊಂದು ಸಲ, ಲಿವರ್ ತೊಂದರೆ ಇರೋರು ಹುಷಾರು ಅಂತ ಪೂರ್ತಿ ಬರೀತೀರಿ. ಶಾಖ ಅಂದ್ರೆ ಮಾತ್ರ ಅಜ್ಜಿ ವೈದ್ಯ, ಅದಕ್ಕೇನು ಲೆಕ್ಕ ಅನ್ನೋ ಥರ. ನಾನು ಸರ್ಕಾರಿ ಆಸ್ಪತ್ರೇಲಿ ಸ್ಟಾಫ್ ನರ್ಸ್ ಆಗಿದ್ದು ರಿಟೈರ್ ಆದವಳು, ಈಗ ಶಿಡ್ಲಘಟ್ಟದಲ್ಲಿದ್ದೀನಿ, ನಮಗೆ ಟ್ರೈನಿಂಗಲ್ಲಿ ಫೋಮೆಂಟೇಷನ್, ಅಂದ್ರೆ ಶಾಖ ಕೊಡೋದು, ಅಂತ ಒಂದು ಪಾಠಾನೇ ಇತ್ತು, ನೀರಿನ ಬಿಸಿ ಥರ್ಮಾಮೀಟರಲ್ಲಿ ನೋಡಿ ಆಮೇಲೆ ಬಟ್ಟೆ ಅದ್ದಬೇಕು, ಇಲ್ಲಾಂದ್ರೆ ಸಿಸ್ಟರ್ ಟ್ಯೂಟರ್ ಬೈತಿದ್ರು. ಅದಕ್ಕೇ ಈ ಪತ್ರ, ಸ್ವಲ್ಪ ಉದ್ದ ಆಗುತ್ತೆ, ಕತ್ತರಿಸೋದಾದ್ರೆ ಶುಗರ್ ಇರೋರ ಬಗ್ಗೆ ಬರೆದಿರೋದನ್ನ ಮಾತ್ರ ಕತ್ತರಿಸಬೇಡಿ.

ಮೊದಲು ಇದು ಕೆಲಸ ಮಾಡುತ್ತಾ ಅಂದ್ರೆ, ಮಾಡುತ್ತೆ. ಬಿಸಿ ತಾಗಿದ ಕಡೆ ರಕ್ತನಾಳ ಅಗಲ ಆಗುತ್ತೆ, ಆ ಜಾಗಕ್ಕೆ ರಕ್ತ ಜಾಸ್ತಿ ಹರಿಯುತ್ತೆ, ಬಿಗಿದುಕೊಂಡಿರೋ ಮಾಂಸಖಂಡ ಸಡಿಲ ಆಗುತ್ತೆ, ಕೀಲಿನ ಸುತ್ತ ಇರೋ ಪಟ್ಟಿಗಳು ಸ್ವಲ್ಪ ಹಿಗ್ಗಿ ಕೈಕಾಲು ಆಡಿಸೋಕೆ ಸಲೀಸಾಗುತ್ತೆ, ಜೊತೆಗೆ ಬಿಸಿಯ ಸಂದೇಶ ನರದಲ್ಲಿ ಹೋಗ್ತಿರೋವಾಗ ನೋವಿನ ಸಂದೇಶ ಮಂಕಾಗುತ್ತೆ. ಸೊಂಟ ನೋವಿನ ಮೇಲೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ ಕಾಕ್ರೇನ್ ಅನ್ನೋ ಸಂಸ್ಥೆಯ ವರದಿ 2006ರಲ್ಲಿ ಬಂತು, ಹೊಸದಾಗಿ ಹಿಡ್ಕೊಂಡ ಸೊಂಟಕ್ಕೆ ಬಿಸಿ ಪಟ್ಟಿ ಕಟ್ಟಿದ್ರೆ ಸ್ವಲ್ಪ ದಿನದ ಮಟ್ಟಿಗೆ, ಸ್ವಲ್ಪ ಮಟ್ಟಿಗೆ ನೋವು ಇಳಿಯುತ್ತೆ ಅಂತ ಅದರ ತೀರ್ಮಾನ. "ಸ್ವಲ್ಪ" ಅನ್ನೋದನ್ನ ಬಿಟ್ಟು ಹೇಳಬಾರದು, ವಾಟ್ಸಾಪಲ್ಲಿ ಬರೋ ಹಾಗೆ ಸವೆದ ಮಂಡಿ ವಾಪಸ್ ಬೆಳೆಯುತ್ತೆ ಅಂತ ನಾನು ಹೇಳ್ತಾ ಇಲ್ಲ.

ಒಣ ಶಾಖಕ್ಕಿಂತ ಒದ್ದೆ ಶಾಖ ಯಾಕೆ ಬೇಗ ಒಳಗೆ ಇಳಿಯುತ್ತೆ ಅನ್ನೋದು ಅಡುಗೆಮನೇಲಿ ಎಲ್ಲಾ ಹೆಂಗಸರಿಗೂ ಗೊತ್ತು. ಒಣಗಿದ ಬಟ್ಟೇಲಿ ಪಾತ್ರೆ ಇಳಿಸಿದ್ರೆ ಏನೂ ಆಗಲ್ಲ, ಅದೇ ಬಟ್ಟೆ ಒದ್ದೆ ಇದ್ರೆ ಕೈ ಚುರ್ ಅನ್ನುತ್ತೆ. ಒಣ ಬಟ್ಟೆ ಒಳಗೆ ಗಾಳಿ ಇರುತ್ತೆ, ನೀರು ಗಾಳಿಗಿಂತ 20 ಪಟ್ಟಿಗೂ ಜಾಸ್ತಿ ಬಿಸಿ ದಾಟಿಸುತ್ತೆ. ಹಾಗಾಗಿ ಒದ್ದೆ ಶಾಖಕ್ಕೆ ಅಷ್ಟೊಂದು ಸುಡೋ ಬಿಸಿ ಬೇಕಾಗಿಲ್ಲ, ಹಾಗೇ ಸುಡೋದೂ ಬೇಗ. ಫಿಸಿಯೋಥೆರಪಿ ರೂಮಲ್ಲಿ ಹೈಡ್ರೋಕೊಲೇಟರ್ ಅಂತ ಒಂದು ಸ್ಟೀಲ್ ಟ್ಯಾಂಕ್ ಇರುತ್ತೆ, ಅದರಲ್ಲಿ 70 ಡಿಗ್ರಿ ಸೆಲ್ಸಿಯಸ್ ದಾಟಿದ ನೀರಲ್ಲಿ ಪ್ಯಾಕ್ ಮುಳುಗಿಸಿ ಇಟ್ಟಿರ್ತಾರೆ, ಆದ್ರೆ ಅದನ್ನ ಮೈಮೇಲೆ ಇಡೋವಾಗ ಟವೆಲ್ಲು 6ರಿಂದ 8 ಮಡಿಕೆ ಸುತ್ತಿ ಇಡ್ತಾರೆ, ಚರ್ಮಕ್ಕೆ ತಾಗೋದು 40ರಿಂದ 45 ಡಿಗ್ರಿ ಒಳಗೇ ಇರಲಿ ಅಂತ. ನಮ್ಮ ಜನ ಅಲ್ಲಿ ಹೋಗಿ ಬಂದು ಮನೇಲಿ ಟ್ಯಾಂಕಿನ ಬಿಸಿಯನ್ನ ಕಾಪಿ ಮಾಡ್ತಾರೆ, ಟವೆಲಿನ ಮಡಿಕೆ ಮರೆತುಬಿಡ್ತಾರೆ.

ನಮ್ಮೂರಲ್ಲಿ ಇದರ ಅವಶ್ಯಕತೆ ಎಷ್ಟಿದೆ ಅಂದ್ರೆ, ರೇಷ್ಮೆ ನೂಲು ಬಿಚ್ಚಾಣಿಕೆ ಮಾಡೋ ಹೆಂಗಸರನ್ನ ನೋಡಿ, ಗೂಡು ಬೇಯಿಸಿ ಬಿಸಿನೀರಲ್ಲೇ ಎಳೆ ಹುಡುಕ್ತಾ ಇಡೀ ದಿನ ಬಗ್ಗಿ ಕೂತಿರ್ತಾರೆ, ಕೈ ಪೂರ್ತಿ ಬಿಸಿಯಲ್ಲಿ, ನೋವು ಮಾತ್ರ ಕುತ್ತಿಗೇಲಿ ಭುಜದಲ್ಲಿ. "ಸಿಸ್ಟರ್, ದಿನಾ ಬಿಸಿನೀರಲ್ಲೇ ಇರ್ತೀವಲ್ಲ ಮತ್ತೆ ಯಾಕೆ ನೋವು" ಅಂತ ಒಬ್ಬರು ನಗ್ತಾ ಕೇಳಿದ್ರು, ಪ್ರಶ್ನೆ ಸರಿಯಾಗೇ ಇದೆ, ನೀರು ಕೈಗೆ ಹೋಗ್ತಿದೆ, ನೋಯ್ತಿರೋ ಜಾಗಕ್ಕೆ ಹೋಗ್ತಾ ಇಲ್ಲ, ಕೈಯ ಚರ್ಮ ಮಾತ್ರ ಬೆಂದು ಬಿಳಿಚಿ ಬಿರುಕು ಬಿಡ್ತಿದೆ. ಕೋಲಾರದ ಟೊಮ್ಯಾಟೊ ಮಾರ್ಕೆಟ್ಟಲ್ಲಿ ಹಮಾಲಿ ಅಣ್ಣಂದಿರು 15 ಕೆಜಿ ಕ್ರೇಟು ಒಂದರ ಮೇಲೊಂದು ಎತ್ತಿ ಎತ್ತಿ ಸೊಂಟ ಹಿಡಿಸಿಕೊಂಡು ಮೆಡಿಕಲ್ ಸ್ಟೋರಲ್ಲಿ ನಿಂತು ಚೀಟಿ ಇಲ್ಲದೆ ಡೈಕ್ಲೋಫೆನಾಕ್ ಅನ್ನೋ ನೋವಿನ ಮಾತ್ರೆ ನುಂಗ್ತಾರೆ, ಹೊಟ್ಟೇಲಿ ಅಲ್ಸರ್, ಕಿಡ್ನಿಗೂ ಪೆಟ್ಟು. ಇಂಥೋರಿಗೆ ರಾತ್ರಿ ಮಲಗೋ ಮುಂಚೆ 20 ನಿಮಿಷ ಒದ್ದೆ ಟವೆಲ್ ಶಾಖ ಸರಿಯಾಗಿ ಹೇಳಿಕೊಟ್ರೆ ಮಾತ್ರೆ ಎಷ್ಟೋ ಕಮ್ಮಿ ಆಗುತ್ತೆ.

ಸರಿಯಾಗಿ ಅಂದ್ರೆ ಹೇಗೆ ಅಂತ ಬರೀತೀನಿ. ಕಾಟನ್ ಟವೆಲ್ ತಗೊಳ್ಳಿ, ದಪ್ಪ ಇದ್ರೆ ಒಳ್ಳೇದು, ನೈಲಾನ್ ಪಾಲಿಯೆಸ್ಟರ್ ಬೇಡ, ಅದು ನೀರೂ ಹಿಡಿಯಲ್ಲ ಬಿಸಿನೂ ಹಿಡಿಯಲ್ಲ. ನೀರನ್ನ ಕುದಿಸೋದೇನೂ ಬೇಡ. ಮೊಣಕೈ ಒಳಭಾಗ ಅದ್ದಿದ್ರೆ ಹಿತವಾಗಿ ಬಿಸಿ ಅನ್ನಿಸಬೇಕು, ತಡೆಯೋಕಾಗದೆ ತೆಗೆಯೋ ಹಾಗಿದ್ರೆ ತಣ್ಣೀರು ಬೆರೆಸಿ. ಬೆರಳಲ್ಲಿ ನೋಡಬೇಡಿ, ಅದರಲ್ಲೂ ಬಿಚ್ಚಾಣಿಕೆ ಮಾಡೋರು, ಒಲೆ ಕೆಲಸದೋರು ಬೆರಳಲ್ಲಿ ನೋಡಲೇಬೇಡಿ, ಆ ಬೆರಳಿಗೆ ಎಷ್ಟು ಬಿಸಿಯಾದ್ರೂ ಸಾಲಲ್ಲ. ಟವೆಲ್ ಅದ್ದಿ ನೀರು ತೊಟ್ಟಿಕ್ಕದ ಹಾಗೆ ಗಟ್ಟಿಯಾಗಿ ಹಿಂಡಿ, ಒಂದ್ಸಲ ಕೊಡವಿ, ಇದು ಮುಖ್ಯ, ಮಡಿಕೆ ಒಳಗೆ ಸಿಕ್ಕಿಕೊಂಡಿರೋ ಬಿಸಿನೀರೇ ಚರ್ಮ ಸುಡೋದು. ನೋವಿರೋ ಜಾಗದ ಮೇಲೆ ಹಾಕಿ ಮೇಲೊಂದು ಒಣ ಟವೆಲ್ ಮುಚ್ಚಿ, ಮಧ್ಯೆ ಒಂದು ತೊಳೆದ ಪ್ಲಾಸ್ಟಿಕ್ ಕವರ್ ಹಾಕಿದ್ರೆ ಬಿಸಿ ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತೆ. 4-5 ನಿಮಿಷಕ್ಕೆ ಆರಿಬಿಡುತ್ತೆ, ಮತ್ತೆ ಅದ್ದಿ ಹಿಂಡಿ ಹಾಕಿ, ಒಟ್ಟು 15ರಿಂದ 20 ನಿಮಿಷ. ಅದಕ್ಕಿಂತ ಜಾಸ್ತಿ ಕೊಟ್ರೆ ಲಾಭ ಜಾಸ್ತಿ ಅಂತ ಇಲ್ಲ. ಮಧ್ಯೆ ಮಧ್ಯೆ ಬಟ್ಟೆ ಎತ್ತಿ ಚರ್ಮ ನೋಡ್ತಾ ಇರಿ, ಕಪ್ಪು ಮೈಬಣ್ಣದ ಮೇಲೆ ಕೆಂಪು ಕಾಣಲ್ಲ, ಹಾಗಾಗಿ ಮುಟ್ಟಿ ನೋಡಿ, ಉರಿ ಇದೆಯಾ ಅಂತ ಕೇಳಿ. ದಿನಕ್ಕೆ 2-3 ಸಲ, ನಡುವೆ ಗಂಟೆಗಟ್ಟಲೆ ಗ್ಯಾಪ್. ಮುಗಿದ ಮೇಲೆ ಒರೆಸಿ, ಆಗಲೇ ಕುತ್ತಿಗೆನೋ ಮಂಡಿನೋ ನಿಧಾನಕ್ಕೆ ಆಡಿಸಿ, ಸಡಿಲ ಆಗಿರೋದು ಆ ಹೊತ್ತಲ್ಲೇ, ಸುಮ್ನೆ ಮಲಗಿಬಿಟ್ರೆ ಅರ್ಧ ಲಾಭ ಹೋಯ್ತು.

ಪೇನ್ ಬಾಮ್ ಹಚ್ಚಿದ ಮೇಲೆ ಶಾಖ ಕೊಡಬೇಡಿ. ಇದನ್ನ ನಮ್ಮಲ್ಲಿ ಎಲ್ಲರೂ ಮಾಡ್ತಾರೆ, ಬಾಮ್ ಉಜ್ಜಿ ಅದರ ಮೇಲೆ ಬಿಸಿ ಬಟ್ಟೆ ಕಟ್ಟಿ ಮಲಗೋದು. ಮೆಂಥಾಲು, ಮೀಥೈಲ್ ಸ್ಯಾಲಿಸಿಲೇಟ್ ಇರೋ ಕ್ರೀಮುಗಳಿಂದ ಚರ್ಮ ಸುಟ್ಟ ಕೇಸು ಬಂದಿದ್ದಕ್ಕೆ ಅಮೆರಿಕದಲ್ಲಿ ಔಷಧಿಗಳ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಎಫ್‌ಡಿಎ 2012ರಲ್ಲೇ ಎಚ್ಚರಿಕೆ ಕೊಟ್ಟಿದೆ, ಹಚ್ಚಿದ ಜಾಗಕ್ಕೆ ಬಿಸಿ ಇಡಬೇಡಿ, ಬಿಗಿಯಾಗಿ ಕಟ್ಟಬೇಡಿ ಅಂತ.

ಈಗ ಬಿಸಿಯ ಲೆಕ್ಕ. 1947ರಲ್ಲಿ ಅಮೆರಿಕದಲ್ಲಿ ಮೊರಿಟ್ಜ್ ಮತ್ತು ಹೆನ್ರಿಕ್ಸ್ ಅನ್ನೋ ಇಬ್ಬರು ಚರ್ಮ ಎಷ್ಟು ಬಿಸಿಗೆ ಎಷ್ಟು ಹೊತ್ತಲ್ಲಿ ಸುಡುತ್ತೆ ಅಂತ ಅಳೆದು ಬರೆದ್ರು, ಇವತ್ತಿಗೂ ಅದನ್ನೇ ಎಲ್ಲರೂ ನೋಡೋದು. 60 ಡಿಗ್ರಿ ಆದ್ರೆ ಕೆಲವೇ ಸೆಕೆಂಡು ಸಾಕು. 49 ಆದ್ರೆ ಕೆಲವು ನಿಮಿಷ. 44 ಡಿಗ್ರಿ, ಅಂದ್ರೆ ಕೈಗೆ ಬರೀ ಹಿತವಾಗಿ ಬಿಸಿ ಅನ್ನಿಸೋ ನೀರು, ಅದೂ ಸುಡುತ್ತೆ, ಗಂಟೆಗಟ್ಟಲೆ ತಾಗಿಕೊಂಡೇ ಇದ್ರೆ. ಈ ಕೊನೇದನ್ನ ಸ್ವಲ್ಪ ಯೋಚನೆ ಮಾಡಿ ನೋಡಿ, ಹಾಟ್ ವಾಟರ್ ಬ್ಯಾಗ್ ಕಾಲಡಿ ಇಟ್ಕೊಂಡು ನಿದ್ದೆ ಹೋಗೋರ ಗತಿ ಏನು ಅಂತ. ಇನ್ನು ಮನೆ ಮೇಲಿರೋ ಸೋಲಾರ್ ನೀರು ಬಿಸಿಲಿನ ದಿನ ಮಧ್ಯಾಹ್ನ 60ರ ಹತ್ತಿರ ಇರುತ್ತೆ, ಅದನ್ನ ನಲ್ಲಿಯಿಂದ ನೇರ ಬ್ಯಾಗಿಗೆ ತುಂಬಿಸಿ ಅತ್ತೆ ಸೊಂಟಕ್ಕೆ ಇಡೋ ಸೊಸೆಯರೂ ಇದ್ದಾರೆ, ಪ್ರೀತಿಯಿಂದಾನೇ.

ನಾನು ಈ ಪತ್ರ ಬರೆಯೋಕೆ ಕೂತಿದ್ದೇ ಶುಗರ್ ಇರೋರಿಗೋಸ್ಕರ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನ 2023ರಲ್ಲಿ ಬಂದಾಗ ದೇಶದಲ್ಲಿ 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ ಅಂತ ಅಂದಾಜು ಕೊಟ್ರು, ನಮ್ಮ ಬೀದಿ ಲೆಕ್ಕ ಹಾಕಿದ್ರೆ ನನಗೇನೂ ಆಶ್ಚರ್ಯ ಆಗಲಿಲ್ಲ. ವರ್ಷಗಟ್ಟಲೆ ಶುಗರ್ ಏರಿ ಇಳಿದು ಮಾಡಿದ್ರೆ ಪಾದದ ನರ ಸಾಯುತ್ತೆ, ಮೊದಲು ಜುಮುಜುಮು ಅನ್ನುತ್ತೆ, ಉರಿಯುತ್ತೆ, ತಣ್ಣಗಾದ ಹಾಗೆ ಅನ್ನಿಸುತ್ತೆ, ಆಮೇಲೆ ಏನೂ ಗೊತ್ತಾಗಲ್ಲ. ಈಗ ತಮಾಷೆ ನೋಡಿ, ಕಾಲು ತಣ್ಣಗಿದೆ ಜುಮ್ ಅಂತಿದೆ ಅಂದ್ರೆ ಮನೇಲಿರೋರು ಮೊದಲು ಮಾಡೋ ಕೆಲಸವೇ ಬಿಸಿನೀರಿನ ಬಕೆಟ್ಟಲ್ಲಿ ಕಾಲಿಡಿಸೋದು. ನರ ಸತ್ತಿರೋ ಕಾಲಿಗೆ ಸುಡೋದು ಗೊತ್ತಾಗಲ್ಲ, "ಇನ್ನೂ ಸ್ವಲ್ಪ ಬಿಸಿ ಹಾಕಮ್ಮ ಏನೂ ಗೊತ್ತಾಗ್ತಿಲ್ಲ" ಅಂತ ಅವರೇ ಹೇಳ್ತಾರೆ, ಇವರು ಹಾಕ್ತಾರೆ. ಮಾರನೇ ದಿನ ಬೊಬ್ಬೆ. ನೋವಿಲ್ಲ ಅಂತ ಒಂದು ವಾರ ಸುಮ್ನಿರ್ತಾರೆ, ಆಮೇಲೆ ವಾಸನೆ ಬಂದಾಗ ಆಸ್ಪತ್ರೆಗೆ ಬರ್ತಾರೆ. ಡಿಸೆಂಬರ್ ಜನವರಿ ಚಳೀಲಿ ಇಂಥ ಕಾಲುಗಳಿಗೆ ನಾನು ಎಷ್ಟು ಡ್ರೆಸಿಂಗ್ ಮಾಡಿದ್ದೀನೋ, ಕೆಲವರಿಗೆ ಬೆರಳು ತೆಗೆದಿದ್ದಾರೆ. ಒಬ್ಬ ಕಿರಾಣಿ ಅಂಗಡಿಯೋರು ಬ್ಯಾಗ್ ಪಾದದ ಕೆಳಗಿಟ್ಟು ಮಲಗಿ ಎರಡು ಬೆರಳು ಕಳ್ಕೊಂಡ್ರು, ಅವರ ಮಗಳು ಅಳ್ತಾ ಹೇಳಿದ್ದು, ಪೇಪರಲ್ಲಿ ಶಾಖ ಒಳ್ಳೇದು ಅಂತ ಬಂದಿತ್ತು ಆಂಟಿ ಅಂತ. ಯಾವ ಪೇಪರ್ ಅಂತ ನಾನು ಕೇಳಲಿಲ್ಲ, ಅದು ನಿಮ್ಮದೇ ಅಂತಾನೂ ಹೇಳ್ತಾ ಇಲ್ಲ. ಆದ್ರೆ "ಸಕ್ಕರೆ ಕಾಯಿಲೆ ಇರೋರು ಪಾದಕ್ಕೆ ಶಾಖ ಕೊಡಬೇಡಿ, ಬಿಸಿನೀರಲ್ಲಿ ಕಾಲಿಡಬೇಡಿ, ತಣ್ಣಗಿದ್ರೆ ಕಾಟನ್ ಸಾಕ್ಸ್ ಹಾಕಿ" ಅಂತ ಒಂದೂವರೆ ಲೈನ್ ಹಾಕೋಕೆ ಎಷ್ಟು ಜಾಗ ಬೇಕು ಹೇಳಿ.

ಲಕ್ವ ಹೊಡೆದು ಒಂದು ಕಡೆ ಸ್ಪರ್ಶ ಇಲ್ಲದೋರಿಗೂ ಇದೇ ಮಾತು. ಸಿಸೇರಿಯನ್ ಆಗಿ ಬೆನ್ನಿಗೆ ಕೊಟ್ಟ ಇಂಜೆಕ್ಷನ್ ಇನ್ನೂ ಇಳಿದಿಲ್ಲದ ಬಾಣಂತಿಗೂ ಇದೇ. ಚಿಕ್ಕ ಮಕ್ಕಳು, ತುಂಬಾ ವಯಸ್ಸಾದೋರ ಚರ್ಮ ತೆಳು, ಅವರಿಗೆ ಬಿಸಿ ಇನ್ನೂ ಕಮ್ಮಿ ಇರಲಿ, ಪಕ್ಕದಲ್ಲಿ ಯಾರಾದ್ರೂ ಕೂತೇ ಇರಬೇಕು.

ಉಳುಕಿದ ದಿನವೇ ಶಾಖ ಕೊಡೋದು ಇನ್ನೊಂದು. ಗದ್ದೆ ಬದುವಲ್ಲಿ ಕಾಲು ಉಳುಕಿತು, ಮನೆಗೆ ಬಂದ ತಕ್ಷಣ ಬಿಸಿನೀರು, ಬೆಳಗ್ಗೆ ನೋಡಿದ್ರೆ ಪಾದ ಕುಂಬಳಕಾಯಿ. ಒಳಗೆ ಸಣ್ಣ ರಕ್ತನಾಳ ಹರಿದು ಸೋರ್ತಾ ಇರುತ್ತೆ, ಬಿಸಿ ಕೊಟ್ರೆ ನಾಳ ಅಗಲ ಆಗಿ ಇನ್ನೂ ಸೋರುತ್ತೆ, ಬಾವು ಏರುತ್ತೆ. ಮೊದಲ 48 ಗಂಟೆ ಬಿಸಿ ಬೇಡ, ಬಟ್ಟೇಲಿ ಸುತ್ತಿದ ಐಸ್ ಸ್ವಲ್ಪ ಹೊತ್ತು, ಕಾಲು ದಿಂಬಿನ ಮೇಲೆ. ಉಳುಕಿಗೆ ರೆಸ್ಟ್ ಕೊಡಿ, ಐಸ್ ಇಡಿ ಅನ್ನೋ ಸೂತ್ರವನ್ನ 1978ರಲ್ಲಿ ಬರೆದ ಅಮೆರಿಕದ ಡಾ. ಗೇಬ್ ಮಿರ್ಕಿನ್ ಆಮೇಲೆ ತಾವೇ, ಐಸ್ ಜಾಸ್ತಿ ಇಟ್ರೆ ವಾಸಿ ಆಗೋದು ನಿಧಾನ ಆಗಬಹುದು ಅಂದ್ರು, ಅದರ ಬಗ್ಗೆ ಚರ್ಚೆ ಇದೆ, ಆದ್ರೆ ಹಾಗಂತ ಮೊದಲ ದಿನ ಬಿಸಿ ಕೊಡಿ ಅಂತ ಅವರೂ ಹೇಳಲಿಲ್ಲ. ಬಾವು ಇಳಿಯೋಕೆ ಶುರುವಾಗಿ ಬಿಗಿತ ಉಳಿದಾಗ ಶಾಖದ ಟೈಮು.

ಕೀಲು ಕೆಂಪಗೆ ಊದಿ ಮುಟ್ಟಿದ್ರೆ ತಾನೇ ಬಿಸಿಯಾಗಿದ್ರೆ, ಜ್ವರ ಇದ್ರೆ, ಶಾಖ ಬಿಟ್ಟು ಡಾಕ್ಟರ್ ಹತ್ರ ಹೋಗಿ. ಒಂದೇ ಕಾಲಿನ ಮೀನಖಂಡ ಊದಿ ನೋಯ್ತಿದ್ರೆ ಉಜ್ಜಬೇಡಿ, ಬಿಸಿನೂ ಬೇಡ, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅದು ಕಳಚಿ ಶ್ವಾಸಕೋಶಕ್ಕೆ ಹೋದ್ರೆ ಪ್ರಾಣಕ್ಕೇ ಬರುತ್ತೆ. ಯಾಕೆ ಅಂತ ಗೊತ್ತಿಲ್ಲದ ಹೊಟ್ಟೆನೋವಿಗೆ, ಅದೂ ಬಲಗಡೆ ಕೆಳಗೆ ಇದ್ರೆ, ಹೊಟ್ಟೆ ಮೇಲೆ ಶಾಖ ಇಡಲೇಬೇಡಿ, ಅಪೆಂಡಿಕ್ಸ್ ಆಗಿದ್ರೆ ಒಡೆಯುತ್ತೆ ಅಂತ ನಮಗೆ ಮೊದಲ ವರ್ಷದಲ್ಲೇ ಬಾಯಿಪಾಠ ಮಾಡಿಸಿದ್ರು.

ಮುಟ್ಟಿನ ಹೊಟ್ಟೆನೋವು ಬೇರೆ, ಅದಕ್ಕೆ ಧಾರಾಳವಾಗಿ ಕೊಡಬಹುದು. ಕಿಬ್ಬೊಟ್ಟೆ ಮೇಲೆ ಹಗಲೆಲ್ಲ ಕಟ್ಟಿಕೊಳ್ಳೋ ಹದವಾದ ಬಿಸಿಯ ಪಟ್ಟಿ ಐಬುಪ್ರೊಫೆನ್ ಮಾತ್ರೆಯಷ್ಟೇ ನೋವು ಇಳಿಸಿತು ಅಂತ 2001ರಲ್ಲಿ ಅಮೆರಿಕದ ಒಂದು ಪ್ರಯೋಗದಲ್ಲಿ ಬಂದಿದೆ. ಹಾಸ್ಟೆಲ್ಲಲ್ಲಿರೋ ಹೆಣ್ಣುಮಕ್ಕಳಿಗೆ ಬಿಸಿನೀರು ಕೇಳೋಕೂ ನಾಚಿಕೆ, ವಾರ್ಡನ್ ಅಮ್ಮಂದಿರು ತಾವಾಗೇ ಒಂದು ಫ್ಲಾಸ್ಕ್ ಇಟ್ರೆ ಎಷ್ಟೋ ಪುಣ್ಯ.

ಕಣ್ಣಿನ ರೆಪ್ಪೆ ಮೇಲೆ ಏಳೋ ಕುರುಗೆ ಇದಕ್ಕಿಂತ ಒಳ್ಳೆ ಮದ್ದು ಇಲ್ಲ. ರೆಪ್ಪೆ ಅಂಚಲ್ಲಿ ಎಣ್ಣೆ ಬಿಡೋ ಸಣ್ಣ ಗ್ರಂಥಿಗಳಿರ್ತವೆ, ಬಾಯಿ ಕಟ್ಟಿಕೊಂಡಾಗ ಊದುತ್ತೆ, ಬಿಸಿ ತಾಗಿದ್ರೆ ಒಳಗೆ ಗಟ್ಟಿಯಾಗಿರೋ ಎಣ್ಣೆ ಕರಗಿ ತಾನೇ ಹೊರಗೆ ಬರುತ್ತೆ. ತೊಳೆದ ಕರ್ಚೀಫು, ಉಗುರುಬೆಚ್ಚಗಿಂತ ಸ್ವಲ್ಪ ಜಾಸ್ತಿ ಇರೋ ನೀರು, ಕಣ್ಣು ಮುಚ್ಚಿ 10 ನಿಮಿಷ, ದಿನಕ್ಕೆ 3-4 ಸಲ. ಹಿಚುಕಬೇಡಿ. ಅಂಗೈಗೆ ಬೆರಳು ಉಜ್ಜಿ ಕಣ್ಣಿಗೆ ಒತ್ತೋದು ನಮ್ಮಲ್ಲಿ ರೂಢಿ, ಅದೂ ಶಾಖವೇ, ಆದ್ರೆ ಬೆರಳಿನ ಕೊಳೆಯೂ ಜೊತೆಗೆ ಹೋಗುತ್ತೆ. ಒಬ್ಬರ ಬಟ್ಟೆ ಇನ್ನೊಬ್ಬರಿಗೆ ಬೇಡ. ಮೈಮೇಲಿನ ಕುರುಗೂ ಹೀಗೇ, ಒದ್ದೆ ಶಾಖಕ್ಕೆ ಬೇಗ ಹಣ್ಣಾಗಿ ಕೀವು ಇಳಿಯುತ್ತೆ, ಮುಖದ ಮೇಲಿದ್ರೆ, ಶುಗರ್ ಇದ್ರೆ, ಸುತ್ತ ಕೆಂಪು ಹರಡ್ತಿದ್ರೆ ಡಾಕ್ಟರಿಗೆ ತೋರಿಸಿ.

ಲಕ್ಕಿ ಸೊಪ್ಪು, ಹುಣಸೆ ಸೊಪ್ಪು ಹಾಕಿ ಕುದಿಸಿದ ನೀರಲ್ಲಿ ಕೊಟ್ರೆ ಇನ್ನೂ ಒಳ್ಳೇದಲ್ವಾ ಅಂತ ಕೇಳ್ತಾರೆ. ಹಾಕಿ, ಬೇಡ ಅನ್ನಲ್ಲ, ವಾಸನೆನೂ ಹಿತ, ನನ್ನ ಪ್ರಕಾರ ಮುಕ್ಕಾಲು ಕೆಲಸ ಬಿಸಿದೇ. ಎಕ್ಕದ ಎಲೆ ಕಾಯಿಸಿ ಕಟ್ಟೋರು ಮಾತ್ರ ಅದರ ಹಾಲು ಕಣ್ಣಿಗೆ ತಾಗದ ಹಾಗೆ ನೋಡ್ಕೊಳ್ಳಿ, ಕಣ್ಣೇ ಹೋಗೋ ಅಪಾಯ.

ಇನ್ನೊಂದು ವಿಷಯ ಇದೆ, ನಮ್ಮ ಕಡೆಯದೇ. ಬಾಗೇಪಲ್ಲಿ, ಗುಡಿಬಂಡೆ, ಆಕಡೆ ಪಾವಗಡ, ಇಲ್ಲೆಲ್ಲ ವಯಸ್ಸಾಗದೇ ಮಂಡಿ ಬಗ್ಗಲ್ಲ, ಬೆನ್ನು ಮರದ ಹಾಗೆ ಬಿಗಿ ಅನ್ನೋರು ತುಂಬಾ. ಬೋರ್‌ವೆಲ್ ನೀರಲ್ಲಿರೋ ಫ್ಲೋರೈಡ್ ಮೂಳೆ ಸೇರಿ ಆಗೋದು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ಮಿತಿ ಇದೆ, ಬೋರು ಆಳ ಹೋದಷ್ಟೂ ನಮ್ಮ ಕಡೆ ಅದನ್ನ ದಾಟಿದ ನೀರು ಎಷ್ಟೋ ಊರಲ್ಲಿದೆ. ಇಂಥೋರಿಗೆ ಶಾಖ ಕೊಟ್ರೆ ಆ ರಾತ್ರಿ ನಿದ್ದೆ ಬರುತ್ತೆ, ಅಷ್ಟು ಮಾತ್ರ. ನೀರು ಬದಲಾಗದೆ ನೋವು ಹೋಗಲ್ಲ. ಇಲ್ಲೊಂದು ಎಡವಟ್ಟು ನಂಬಿಕೆ, ಕುದಿಸಿದ್ರೆ ಫ್ಲೋರೈಡ್ ಹೋಗುತ್ತೆ ಅಂತ. ಹೋಗಲ್ಲ, ನೀರು ಆವಿಯಾಗಿ ಉಳಿದ ನೀರಲ್ಲಿ ಇನ್ನೂ ಜಾಸ್ತಿ ಆಗುತ್ತೆ. ಆ ನೀರನ್ನ ಟವೆಲ್ ಅದ್ದೋಕೆ ಇಟ್ಕೊಳ್ಳಿ, ಕುಡಿಯೋಕೆ ಅಡುಗೆಗೆ ಶುದ್ಧ ನೀರಿನ ಘಟಕದ್ದು ತನ್ನಿ, ಆ ಘಟಕ ಕೆಟ್ಟು ನಿಂತಿದ್ರೆ ಪಂಚಾಯ್ತಿಯವರ ಹಿಂದೆ ಬೀಳಿ. ಮಂಡಿ ನೋವಿನ ಲೇಖನದಲ್ಲಿ ನೀರಿನ ವಿಷಯ ಯಾಕೆ ಅಂತ ಬೆಂಗಳೂರಲ್ಲಿ ಕೂತು ಬರೆಯೋರಿಗೆ ಅನ್ನಿಸಬಹುದು, ಇಲ್ಲಿಯವರಿಗೆ ಅನ್ನಿಸಲ್ಲ.

ನನ್ನ ವಿನಂತಿ ಇಷ್ಟೇ. ಮುಂದಿನ ಸಲ ಶಾಖ ಕೊಡಿ ಅಂತ ಬರೆದಾಗ ಪಕ್ಕದಲ್ಲಿ ಒಂದು ಚಿಕ್ಕ ಬಾಕ್ಸ್ ಹಾಕಿ, ಎಷ್ಟು ಬಿಸಿ, ಎಷ್ಟು ನಿಮಿಷ, ಯಾರಿಗೆ ಬೇಡ ಅಂತ. ಬಿಪಿ ಶುಗರ್ ನೋಡೋಕೆ ಮನೆಮನೆಗೆ ಬರೋ ಆಶಾ ಕಾರ್ಯಕರ್ತೆಯರು, ಪಿಎಚ್‌ಸಿ ನರ್ಸ್ ಅಕ್ಕಂದಿರು ಅದನ್ನ ಕತ್ತರಿಸಿ ಇಟ್ಕೊಂಡು ತೋರಿಸಲಿ, ಶುಗರ್ ಇರೋರ ಪಾದ ಮುಟ್ಟಿ ಸ್ಪರ್ಶ ಇದೆಯಾ ಅಂತ ಒಂದು ನಿಮಿಷ ನೋಡಲಿ. ಅಕ್ಷರ ಸ್ವಲ್ಪ ದೊಡ್ಡದಾಗಿ ಹಾಕಿ, ಓದಬೇಕಾದೋರಿಗೆ ಕಣ್ಣು ಮಂಜು. ಮತ್ತೆ ನವೆಂಬರ್ ಒಳಗೇ ಹಾಕಿ, ಚಳಿ ಶುರುವಾದ ಮೇಲೆ ಹಾಟ್ ವಾಟರ್ ಬ್ಯಾಗುಗಳು ಬೀರುವಿನಿಂದ ಆಚೆ ಬಂದುಬಿಟ್ಟಿರ್ತವೆ.

ಇಂತಿ,
ನಿವೃತ್ತ ಸ್ಟಾಫ್ ನರ್ಸ್, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಜಿಲ್ಲೆ